ಹೆಗಲಮ್ಮ

ಆ ಊರಿನ ಗುಡ್ಡದ ಮೇಲೆ ಒಂದು ಶಾಲೆ ಇತ್ತು. ಶಾಲೆಯ ಹೆಸರಿನಲ್ಲಿ ಲೋಕವೆಲ್ಲ ಇತ್ತು, ಊರಿನ ಹೆಸರೊಂದು ಇರಲಿಲ್ಲ. ಗೋಡೆಯ ಮೇಲೆ ಎಲ್ಲ ದೇಶಗಳ ಬಾವುಟಗಳು ಹಾರುತ್ತಿದ್ದವು. ಗೋಡೆಗೆ ಒಂದೇ ಬಾಗಿಲು. ಬಾಗಿಲ ಮುಂದೆ ಒಂದು ಕಲ್ಲು. ಕಲ್ಲಿನ ಮೇಲೆ ಮಗು ನಿಲ್ಲಬೇಕು, ಮಗುವಿನ ಹಿಂದೆ ತಾಯಿ ನಿಲ್ಲಬೇಕು, ತಾಯಿಯ ಬಲಗೈ ಮಗುವಿನ ಹೆಗಲ ಮೇಲಿರಬೇಕು. ಬಾಗಿಲ ಪಕ್ಕದ ಕಿಟಕಿಯೊಳಗೆ ಕೇಳುವವರು ಕೂತು ಕೇಳುತ್ತಿದ್ದರು, ತಾಯಿ ಉತ್ತರ ಹೇಳುತ್ತಿದ್ದಳು. ಮಗುವನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಶಾಲೆಗೆ ಸೇರುವುದು ಮಗು, ಪರೀಕ್ಷೆ ತಾಯಿಗೆ. ಇದು ಅಲ್ಲಿಯ ನಿಯಮ. ಯಾಕೆ ಹೀಗೆ ಎಂದು ನೀವೇನಾದರೂ ಕೇಳಿದರೆ ಆ ಊರಿನವರು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, ಊರಿಗೆ ಹೊಸಬರಾ ಎನ್ನುತ್ತಿದ್ದರು. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ಪ್ರಶ್ನೆಗಳೆಲ್ಲ ಬಾಗಿಲ ಮಾತಿನಲ್ಲಿರುತ್ತಿದ್ದವು. ಊರಿನಲ್ಲಿ ಎರಡು ಮಾತಿತ್ತು. ಒಂದು ಮನೆಮಾತು; ಬೈಯಲು, ಮುದ್ದಿಸಲು, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಲು ಅದು ಬೇಕಿತ್ತು. ಇನ್ನೊಂದು ಬಾಗಿಲ ಮಾತು. ಬಾಗಿಲು ತೆರೆಸಲು ಮಾತ್ರ ಅದು ಬೇಕಿತ್ತು. ತಾಯಿಯ ಉತ್ತರ ಹಿಡಿಸಿದರೆ ಬಾಗಿಲು ತೆರೆಯುತ್ತಿತ್ತು, ಮಗು ಕೈಯ ಕೆಳಗಿನಿಂದ ಹೊರಟು ಹೊಸಿಲು ದಾಟುತ್ತಿತ್ತು. ಹಿಡಿಸದಿದ್ದರೆ ಕೇಳುವವರು ಯಾರನ್ನೂ ಬೈಯುತ್ತಿರಲಿಲ್ಲ, ಇಲ್ಲವೆನ್ನುತ್ತಲೂ ಇರಲಿಲ್ಲ. ಮುಗುಳ್ನಕ್ಕು ಒಂದೇ ಒಂದು ಮಾತು ಹೇಳುತ್ತಿದ್ದರು: “ತಿಳಿಸುತ್ತೇವೆ.”

ಅದನ್ನು ಕೇಳಿದೊಡನೆ ತಾಯಿ ತಲೆ ಬಗ್ಗಿಸಿ ಕೈ ತೆಗೆಯುತ್ತಿದ್ದಳು. ತಾಯಿ ಮಗು ಇಬ್ಬರೂ ಇಳಿಜಾರು ಇಳಿದು ಮನೆಗೆ ಹೋಗಿ ಕಾಯುತ್ತಿದ್ದರು. ಕಾಯುತ್ತ ಕಾಯುತ್ತ ಮಗುವಿಗೆ ಹಲ್ಲು ಬಿದ್ದು ಹುಟ್ಟುತ್ತಿತ್ತು, ಮೀಸೆ ಬರುತ್ತಿತ್ತು, ಮದುವೆಯಾಗುತ್ತಿತ್ತು. ಆ ಊರಿನಲ್ಲಿ ಯಾರಿಗೂ ಯಾವತ್ತೂ ಏನನ್ನೂ ತಿಳಿಸಿದ್ದಿಲ್ಲ. ಆದರೂ ಪ್ರತಿ ಮನೆಯಲ್ಲೂ ಯಾರೋ ಒಬ್ಬರು ಬೆಳಿಗ್ಗೆ ಎದ್ದು ಮೊದಲು ಬೀದಿಯ ಕಡೆ ನೋಡುತ್ತಿದ್ದರು.

ಒಂದು ಮಗುವಿಗೆ ಒಂದೇ ಸಲ ಕಲ್ಲು. ಈ ಪ್ರಶ್ನೋತ್ತರಕ್ಕೆ ಕೇಳಿಕೆ ಎಂದು ಹೆಸರು; ಕೈ ಹೆಗಲ ಮೇಲಿರುವ ತನಕ ಕೇಳಿಕೆ ನಡೆಯುತ್ತಿದೆ ಎಂದೇ ಅರ್ಥ. ಕೈಯನ್ನು ಇಟ್ಟವಳೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ಕೇಳಿಕೆ ನಡೆಯುವಾಗ ಬಾಗಿಲು ತೆರೆಯುವುದಾದರೆ ಕಲ್ಲಿನ ಮೇಲಿರುವ ಮಗುವಿಗಾಗಿ ತೆರೆಯಬೇಕು, ಇನ್ನಾರಿಗೂ ಅಲ್ಲ. ಇವು ಎಲ್ಲರಿಗೂ ಬಾಯಿಪಾಠವಾಗಿದ್ದ ನಿಯಮಗಳು.

ಒಳಗೆ ಹೋದ ಮಕ್ಕಳು ಬೆಳೆದು ಕೇಳುವವರಾಗುತ್ತಿದ್ದರು. ಕೆಲವರು ಇದೇ ಕಿಟಕಿಯಲ್ಲಿ ಕೂರುತ್ತಿದ್ದರು, ಕೆಲವರು ದೂರದೂರದ ದೇಶಗಳ ಕಿಟಕಿಗಳಲ್ಲಿ. ಹೊರಗುಳಿದವರು ಬೆಳೆದು ಉತ್ತರ ಹೇಳುವವರಾಗುತ್ತಿದ್ದರು. ಎಲ್ಲಿಗೆ ಹೋದರೂ ಅವರನ್ನು ಯಾರಾದರೂ ಏನಾದರೂ ಕೇಳುತ್ತಲೇ ಇರುತ್ತಿದ್ದರು: ಯಾರು ನೀನು, ಯಾಕೆ ಬಂದೆ, ಯಾರು ಕಳಿಸಿದರು. ಅದಕ್ಕೇ ತಾಯಂದಿರು ಆ ಕಲ್ಲಿಗಾಗಿ ಅಷ್ಟು ಒದ್ದಾಡುತ್ತಿದ್ದುದು.

ಬಾಗಿಲ ಮಾತು ಬಾರದ ತಾಯಂದಿರೇ ಹೆಚ್ಚು. ಅವರಿಗಾಗಿ ಊರಿನಲ್ಲಿ ಹೆಗಲಮ್ಮಂದಿರಿದ್ದರು. ಹೆಗಲಮ್ಮ ಅಂದರೆ ಬಾಡಿಗೆಗೆ ತಾಯಿಯ ಬದಲು ಬಂದು ಮಗುವಿನ ಹೆಗಲ ಮೇಲೆ ಕೈಯಿಟ್ಟು ನಿಲ್ಲುವವಳು. ಹೆತ್ತ ತಾಯಿ ಇಳಿಜಾರಿನ ಹೊಂಗೆ ಮರದ ಹಿಂದೆ ನಿಂತು ಸೆರಗು ಕಚ್ಚಿಕೊಂಡು ನೋಡುತ್ತಿದ್ದಳು. ಬಾಗಿಲು ತೆರೆದರೆ ಸದ್ದಾಗದಂತೆ ಚಪ್ಪಾಳೆ ತಟ್ಟುತ್ತಿದ್ದಳು.

ಹೆಗಲಮ್ಮಂದಿರಲ್ಲಿ ಒಬ್ಬಳು ಎಲ್ಲರಿಗಿಂತ ಹಿರಿಯಳು. ಈ ಕಥೆ ಅವಳದು. ಅವಳು ಚಿಕ್ಕವಳಿದ್ದಾಗ ಅವಳ ತಾಯಿಗೂ ‘ತಿಳಿಸುತ್ತೇವೆ’ ಎಂದಿದ್ದರು. ಉಳಿದ ಮಕ್ಕಳು ಮನೆಗೆ ಹೋಗಿ ಕಾದರೆ ಇವಳು ದಿನಾ ಹೊಂಗೆ ಮರದಡಿ ಬಂದು ಕೂತು, ಅಲ್ಲಿ ನಡೆಯುವ ಪ್ರಶ್ನೆಗಳನ್ನೂ ಉತ್ತರಗಳನ್ನೂ ಕೇಳಿಸಿಕೊಂಡಳು. ಪ್ರಶ್ನೆಗಳು ಬದಲಾಗುತ್ತಿರಲಿಲ್ಲ. ಯಾವ ಉತ್ತರಕ್ಕೆ ಬಾಗಿಲು ತೆರೆಯುತ್ತದೆ, ಯಾವುದಕ್ಕೆ ತೆರೆಯುವುದಿಲ್ಲ ಎಂಬುದನ್ನು ಅರ್ಥ ತಿಳಿಯುವ ಮೊದಲೇ ಕಿವಿಯಿಂದ ಕಲಿತಳು.

ಮನೆಯಲ್ಲಿ ಯಾವ ಮಾತಾಡುತ್ತೀರಿ? ಬಾಗಿಲ ಮಾತನ್ನೇ ಆಡುತ್ತೇವೆ. ಮಗು ಹಟ ಮಾಡಿದರೆ ಏನು ಮಾಡುತ್ತೀರಿ? ಪಕ್ಕದಲ್ಲಿ ಕೂತು ಮಾತಾಡುತ್ತೇವೆ. ನಮ್ಮ ಶಾಲೆಯೇ ಯಾಕೆ ಬೇಕು? ಇಲ್ಲಿ ಮಗು ಲೋಕದ ಮಗುವಾಗುತ್ತದೆ. ನಿಮ್ಮ ಮಗುವಿಗೆ ಏನು ಇಷ್ಟ? ನನ್ನ ಮಗುವಿಗೆ ಪ್ರಶ್ನೆ ಕೇಳುವುದು ಇಷ್ಟ.

ಇಷ್ಟೇ. ಆದರೆ ಇದನ್ನು ಉಸಿರು ತಪ್ಪದೆ, ಸ್ವರ ನಡುಗದೆ ಹೇಳಬೇಕು. ಅವಳು ಹೇಳಿದರೆ ಬಾಗಿಲು ತೆರೆಯುತ್ತಿತ್ತು.

ಬಾಯಿಗಿಂತ ದೊಡ್ಡ ಕಷ್ಟ ಹೆಗಲಿನದು. ಪರಕೀಯ ಕೈ ಬಿದ್ದರೆ ಮಗುವಿನ ಹೆಗಲು ಬೆಚ್ಚುತ್ತದೆ, ಕೇಳುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಅದಕ್ಕಾಗಿ ಕೇಳಿಕೆಗೆ ಎಷ್ಟೋ ಮುಂಚೆಯೇ ಮಗುವನ್ನು ಹೆಗಲಮ್ಮನ ಮನೆಗೆ ತಂದು ಬಿಡುತ್ತಿದ್ದರು. ಇದಕ್ಕೆ ಹೆಗಲು ಪಳಗಿಸುವುದು ಎನ್ನುತ್ತಿದ್ದರು. ಮಗು ಉಣ್ಣುವಾಗ ಹೆಗಲಮ್ಮನ ಕೈ ಅದರ ಹೆಗಲ ಮೇಲೆ, ಆಡುವಾಗಲೂ ಹೆಗಲ ಮೇಲೆ. ಮಲಗುವಾಗ ತನ್ನ ಚಾಪೆಯ ಮೇಲೆ ಪಕ್ಕದಲ್ಲೇ ಮಲಗಿಸಿಕೊಂಡು ಕೈ ಹಾಕಿಕೊಳ್ಳುತ್ತಿದ್ದಳು. ‘ಮಮ್ಮಿ’ ಎಂದು ಕರೆಯುವುದನ್ನೂ ಕಲಿಸುತ್ತಿದ್ದಳು. ಒಂದು ದಿನ ಹೆಗಲು ಬೆಚ್ಚುವುದನ್ನು ಬಿಡುತ್ತಿತ್ತು. ಆಮೇಲೆ ಕಲ್ಲು, ಬಾಗಿಲು, ಚಪ್ಪಾಳೆ, ಮತ್ತೆ ಹೊಸ ಮಗು.

ಹೆಗಲಮ್ಮನಿಗೆ ಒಬ್ಬಳು ಮಗಳಿದ್ದಳು. ಗಂಡ ತೀರಿಕೊಂಡಿದ್ದ. ಮನೆ ಚಿಕ್ಕದು, ಚಾಪೆಯ ಮೇಲೆ ಯಾವಾಗಲೂ ಬೇರೆಯವರ ಮಗು. ಮಂಚದ ಮೇಲೆ ಮನೆಯ ಸಾಮಾನು, ಮಗಳು ಮಂಚದ ಕೆಳಗೆ ಮಲಗುತ್ತಿದ್ದಳು. ಊಟ ಪಕ್ಕದ ಮನೆಯಲ್ಲಿ. ಪಕ್ಕದ ಮನೆಯವಳೂ ಹೆಗಲಮ್ಮನೇ, ಇವಳೇ ಕಲಿಸಿ ತಯಾರು ಮಾಡಿದ ಕಿರಿಯ ಹೆಗಲಮ್ಮ. ಅವಳೇ ಹುಡುಗಿಗೆ ತಲೆ ಬಾಚಿ, ಎಣ್ಣೆ ಹಚ್ಚಿ, ಬೈದು, ಉಣ್ಣಿಸುತ್ತಿದ್ದಳು.

ಹೀಗಿರುವಾಗ ಮಗಳಿಗೂ ಕಲ್ಲಿನ ವಯಸ್ಸು ಬಂತು. ಆ ವರ್ಷದ ಕೇಳಿಕೆಗಳು ಮುಗಿಯುತ್ತ ಬಂದಿದ್ದವು. ಕೊನೆಯ ಬಾಡಿಗೆ ಮಗುವನ್ನು ಬಾಗಿಲೊಳಗೆ ಕಳಿಸಿ ಮನೆಗೆ ಬಂದ ಹೆಗಲಮ್ಮ, ಕೈಕಾಲು ತೊಳೆದು, ಮಗಳನ್ನು ಕರೆದು ಮುಂದೆ ನಿಲ್ಲಿಸಿಕೊಂಡು ಹೆಗಲ ಮೇಲೆ ಕೈಯಿಟ್ಟಳು.

ಹೆಗಲು ಬೆಚ್ಚಿತು.

“ಯಾಕೆ ಹಂಗೆ ಹಾರ್ದೆ?” ಎಂದಳು ತಾಯಿ.

“ನೀನು ಅಂತ ಗೊತ್ತಾಗ್ಲಿಲ್ಲ,” ಎಂದಳು ಮಗಳು.

ಇನ್ನೊಮ್ಮೆ ಇಟ್ಟಳು. ಈ ಸಲ ಮಗಳಿಗೆ ಗೊತ್ತಿತ್ತು, ಆದರೂ ಹೆಗಲು ಬೆಚ್ಚಿತು. ಪಕ್ಕದ ಮನೆಯ ಕಿರಿಯ ಹೆಗಲಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಬಂದು ತನ್ನ ಕೈಯನ್ನು ಹುಡುಗಿಯ ಹೆಗಲ ಮೇಲಿಟ್ಟಳು. ಹುಡುಗಿ ಸುಮ್ಮನೆ ನಿಂತಿದ್ದಳು. ಮೂಗಿನಲ್ಲಿ ಬೆರಳು ಕೂಡ ಹಾಕಿಕೊಂಡಳು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ,” ಎಂದಳು ಕಿರಿಯವಳು. “ಇವಳಿಗೆ ನಾನು ನಿಲ್ತೀನಿ.”

“ಊರ ಮಕ್ಕಳಿಗೆಲ್ಲ ನಾನು ನಿಂತಿದೀನಿ. ನನ್ನ ಮಗೂಗೆ ಇನ್ನೊಬ್ರು ನಿಲ್ಬೇಕಾ?”

“ಹಟ ಬೇಡಕ್ಕಾ. ಒಂದೇ ಸಲ ಸಿಗೋದು. ತಪ್ಪಿದ್ರೆ ಇವಳೂ ನಮ್ಮ ಹಂಗೇ ಕಂಡೋರಿಗೆಲ್ಲ ಉತ್ತರ ಹೇಳ್ಕೊಂಡು ಇರ್ಬೇಕು.”

“ಗೊತ್ತು.”

“ಗೊತ್ತಿದ್ದೂ ಯಾಕಕ್ಕಾ?”

ಹೆಗಲಮ್ಮ ಮಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಹೊಟ್ಟೆಕಿಚ್ಚು ಎನ್ನಿ, ಮೊಂಡುತನ ಎನ್ನಿ, ಏನು ಬೇಕಾದರೂ ಎನ್ನಿ, ಈ ಒಂದು ಹೆಗಲನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ ಎಂದು ಅವಳು ಆಗಲೇ ನಿಶ್ಚಯಿಸಿಬಿಟ್ಟಿದ್ದಳು. ಅವಸರದಲ್ಲಿ ಹೆಗಲು ಪಳಗುವುದಿಲ್ಲ ಎಂದು ಎಷ್ಟೋ ತಾಯಂದಿರಿಗೆ ಅವಳೇ ಹೇಳಿದ್ದಳು. ಉಳಿದ ಅಲ್ಪಸ್ವಲ್ಪ ದಿನದಲ್ಲಿ ಆದಷ್ಟು ಪ್ರಯತ್ನಪಟ್ಟಳು. ಹೆಗಲು ಬೆಚ್ಚುತ್ತಲೇ ಇತ್ತು.

ಕೇಳಿಕೆಯ ದಿನ ಬೆಳಿಗ್ಗೆ ತಾಯಿ ಮಗಳು ಗುಡ್ಡ ಹತ್ತಿದರು. ಸಾಲಿನಲ್ಲಿ ಇವರ ಸರದಿ ಬಂತು. ಮಗಳು ಕಲ್ಲಿನ ಮೇಲೆ ನಿಂತಳು, ತಾಯಿ ಕೈಯಿಟ್ಟಳು, ಹೆಗಲು ಬೆಚ್ಚಿತು. ಕಿಟಕಿಯೊಳಗೆ ಕಣ್ಣುಗಳು ಅದನ್ನು ನೋಡಿದವು. ಹೊಂಗೆ ಮರದ ಹಿಂದೆ ಕಿರಿಯ ಹೆಗಲಮ್ಮ ಹಣೆ ಚಚ್ಚಿಕೊಂಡಳು.

“ಮನೆಯಲ್ಲಿ ಯಾವ ಮಾತಾಡುತ್ತೀರಿ?” ಎಂದು ಬಾಗಿಲ ಮಾತಿನಲ್ಲಿ ಕೇಳಿದರು.

“ಬಾಗಿಲ ಮಾತನ್ನೇ ಆಡುತ್ತೇವೆ,” ಎಂದಳು ಹೆಗಲಮ್ಮ, ಬಾಗಿಲ ಮಾತಿನಲ್ಲೇ. ಸ್ವರ ನಡುಗಲಿಲ್ಲ.

“ಮಗು ಹಟ ಮಾಡಿದರೆ?”

“ಪಕ್ಕದಲ್ಲಿ ಕೂತು ಮಾತಾಡುತ್ತೇವೆ.”

“ನಮ್ಮ ಶಾಲೆಯೇ ಯಾಕೆ ಬೇಕು?”

“ಇಲ್ಲಿ ಮಗು ಲೋಕದ ಮಗುವಾಗುತ್ತದೆ.”

ಕೇಳುವವರಲ್ಲಿ ಹಿರಿಯನಾದವನು ತಲೆಯಾಡಿಸಿದ. ಬೆಚ್ಚಿದ ಹೆಗಲನ್ನು ಅವನು ಮರೆತಂತಿತ್ತು. ಬಾಗಿಲಿನ ಅಗುಳಿಯ ಮೇಲೆ ಯಾರದೋ ಕೈ ಬಿದ್ದ ಸದ್ದು ಒಳಗಿನಿಂದ ಕೇಳಿಸಿತು.

“ನಿಮ್ಮ ಮಗುವಿಗೆ ಏನು ಇಷ್ಟ?”

ಉತ್ತರ ಅವಳ ನಾಲಗೆಯ ತುದಿಗೆ ಬಂತು. ಊರಿನ ಅಷ್ಟೂ ಮಕ್ಕಳಿಗೆ ಅವಳು ಹೇಳಿದ್ದ ಉತ್ತರ ಅದು. ಅಂಗೈಯ ಕೆಳಗೆ ಮಗಳ ಪುಟ್ಟ ಮೂಳೆ ಸಿಗುತ್ತಿತ್ತು. ಈ ಮಗುವಿಗೆ ಏನು ಇಷ್ಟ? ಅವಳು ಯೋಚಿಸಿದಳು. ಯೋಚಿಸಬಾರದಿತ್ತು, ಕಲ್ಲಿನ ಹತ್ತಿರ ಯೋಚಿಸುವವರಿಗೆ ಬಾಗಿಲು ತೆರೆಯುವುದಿಲ್ಲ. ಆದರೆ ಯೋಚನೆ ಬಂದುಬಿಟ್ಟಿತ್ತು, ಉತ್ತರ ಬರಲಿಲ್ಲ. ಬೇರೆ ಮಕ್ಕಳಿಗೆ ಏನು ಇಷ್ಟವೆಂದು ಅವಳಿಗೆ ಎಂದೂ ತಿಳಿದಿರಲಿಲ್ಲ, ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಈ ಮಗುವಿನದೂ ತಿಳಿದಿರಲಿಲ್ಲ.

ಕೇಳುವವರು ಕಾಯಬೇಕಾದಷ್ಟು ಕಾದರು. ಹಿರಿಯನು ಮುಗುಳ್ನಕ್ಕ.

“ತಿಳಿಸುತ್ತೇವೆ.”

ಸಾಲಿನಲ್ಲಿ ಹಿಂದಿದ್ದವರು ಒಂದು ಹೆಜ್ಜೆ ಮುಂದೆ ಬಂದರು. ಹೊಂಗೆ ಮರದ ಹಿಂದಿನವರು ಮುಖ ತಿರುಗಿಸಿಕೊಂಡರು. ಎಲ್ಲರೂ ಅವಳು ಕೈ ತೆಗೆಯುವುದನ್ನು ಕಾಯುತ್ತಿದ್ದರು.

ಅವಳು ಕೈ ತೆಗೆಯಲಿಲ್ಲ.

“ಯಾವಾಗ?” ಎಂದಳು.

ಮನೆಮಾತಿನಲ್ಲೇ ಕೇಳಿದಳು. ಬಾಗಿಲ ಮಾತಿನಲ್ಲಿ ತಾನಾಗಿ ಒಂದು ಪ್ರಶ್ನೆ ಕೇಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಬಾಯಿಗೆ ರೂಢಿಯಾಗಿದ್ದದ್ದು ಉತ್ತರಗಳು ಮಾತ್ರ. ಕೇಳುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕಿಟಕಿಯ ಹೊರಗಿನಿಂದ ಒಳಕ್ಕೆ ಅಂದಿನವರೆಗೆ ಒಂದು ಪ್ರಶ್ನೆಯೂ ಬಂದಿರಲಿಲ್ಲ.

“ತಿಳಿಸುತ್ತೇವೆ,” ಎಂದರು ಮತ್ತೆ.

“ಅದೇ, ಯಾವಾಗ?”

“ತಿಳಿಸುತ್ತೇವೆ.”

“ಹಾಗಾದ್ರೆ ತಿಳಿಸೋ ತನಕ ಇಲ್ಲೇ ನಿಂತಿರ್ತೀವಿ,” ಎಂದಳು ಹೆಗಲಮ್ಮ.

ಸಾಲಿನಲ್ಲಿ ಗುಜುಗುಜು ಎದ್ದಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. “ಏನಮ್ಮಾ ಇದು, ನಿನ್ನ ಮಗು ಮಾತ್ರ ಮಗೂನಾ, ನಮ್ಮದೇನು ಮಣ್ಣಿನ ಗೊಂಬೇನಾ?” ಎಂದಳೊಬ್ಬಳು. “ಕಸುಬು ಗೊತ್ತಿರೋಳೇ ಹಿಂಗೆ ಮಾಡಿದ್ರೆ ಹೆಂಗೆ?” ಎಂದಳು ಇನ್ನೊಬ್ಬಳು. ಒಬ್ಬ ತಂದೆ ತೋಳು ಮಡಿಸಿಕೊಂಡು ಬಂದವನು ಕಲ್ಲಿನ ಹತ್ತಿರ ಬಂದು ನಿಂತುಬಿಟ್ಟ. ಇಟ್ಟವಳ ಕೈಯನ್ನು ಬೇರೆಯವರು ಮುಟ್ಟುವಂತಿಲ್ಲ. ಅವನು ಮಡಿಸಿದ ತೋಳನ್ನು ಇಳಿಸಿಕೊಂಡು ವಾಪಸು ಹೋದ.

ಕೇಳುವವರೂ ಏಳುವಂತಿರಲಿಲ್ಲ. ಕೈ ಹೆಗಲ ಮೇಲಿದೆ, ಅಂದರೆ ಕೇಳಿಕೆ ನಡೆಯುತ್ತಿದೆ, ಅಂದರೆ ಕಿಟಕಿ ಮುಚ್ಚುವಂತಿಲ್ಲ. ಇಷ್ಟು ವರ್ಷ ನಿಯಮ ಹೊರಗಿನವರನ್ನು ಕಟ್ಟಿಹಾಕಲು ಇದೆ ಎಂದೇ ಎಲ್ಲರೂ ತಿಳಿದಿದ್ದರು. ಒಳಗಿನವರಿಗೂ ಅದರ ಒಂದು ತುದಿ ಕಟ್ಟಿದೆ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ, ಯಾಕೆಂದರೆ ಯಾರೂ ಎಳೆದು ನೋಡಿರಲಿಲ್ಲ. ಕಿಟಕಿಯೊಳಗೆ ಅವರ ಊಟ ಮುಚ್ಚಿದ ತಟ್ಟೆಗಳಲ್ಲಿ ಬಂದು ತಣ್ಣಗಾಯಿತು.

ಬಿಸಿಲೇರಿತು. ಕಿರಿಯ ಹೆಗಲಮ್ಮ ಮರದ ಹಿಂದಿನಿಂದ ಹೊರಗೆ ಬಂದಳು. ಮನೆಗೆ ಹೋಗಿ ಒಂದು ಚೊಂಬು ಮಜ್ಜಿಗೆ, ಬಟ್ಟಲಲ್ಲಿ ಕಲಸಿದ ಅವಲಕ್ಕಿ ತಂದಳು. ಎಲ್ಲರೂ ನೋಡುತ್ತಿದ್ದಂತೆ ಬಟ್ಟಲನ್ನು ಕಲ್ಲಿನ ಮೇಲಿಟ್ಟು, “ನಿಮ್ಮ ಹಟಕ್ಕೆ ಮಗು ಉಪವಾಸ ಇರ್ಬೇಕಾ?” ಎಂದು ಬೈದು ಹೋದಳು. ಹೆಗಲಮ್ಮ ಎಡಗೈಯಲ್ಲಿ ಮಗಳಿಗೆ ತಿನ್ನಿಸಿದಳು.

ತಿನ್ನುತ್ತ ಮಗಳು ಕೇಳಿದಳು: “ಅಮ್ಮಾ, ನಂಗೆ ಉತ್ತರ ಗೊತ್ತಿತ್ತು. ಪ್ರಶ್ನೆ ಕೇಳೋದು ಇಷ್ಟ ಅಂತ. ಎಲ್ರಿಗೂ ಹೇಳ್ತೀಯಲ್ಲ. ನಂಗೆ ಯಾಕೆ ಹೇಳ್ಲಿಲ್ಲ? ಮರ್ತೋಯ್ತಾ?”

“ಮರೀಲಿಲ್ಲ. ನಿಂಗೆ ಅದು ಇಷ್ಟಾನಾ?”

ಹುಡುಗಿ ಯೋಚಿಸಿದಳು. “ಇಲ್ಲ. ನಾನು ಕೇಳಿದ್ರೆ ನೀನು ಸುಮ್ನಿರು ಅಂತೀಯ.”

ಹೆಗಲಮ್ಮ ಒಂದು ತುತ್ತು ಕೈಯಲ್ಲೇ ಹಿಡಿದು ನಿಂತಳು. “ಹಾಗಾದ್ರೆ ಏನಿಷ್ಟ ನಿಂಗೆ?”

“ಹಾಲಿನ ಕೆನೆ.”

“ಆಮೇಲೆ?”

“ಹುಣಸೆಬೀಜ ಡಬ್ಬೀಲಿ ಹಾಕಿ ಗಲಗಲ ಅನ್ಸೋದು. ಆಮೇಲೆ ಚಾಪೆ.”

“ಯಾವ ಚಾಪೆ?”

“ನಿನ್ ಚಾಪೆ. ಬೆಳಿಗ್ಗೆ ಆ ಮಕ್ಕಳು ಮುಖ ತೊಳ್ಯೋಕೆ ಹೋಗ್ತಾರಲ್ಲ, ಆವಾಗ ಅದು ಇನ್ನೂ ಬಿಸಿ ಇರುತ್ತೆ. ನಾನು ಮಂಚದ ಕೆಳಗಿಂದ ಬಂದು ಅದರ ಮೇಲೆ ಮಲಕ್ಕೋತೀನಿ. ನೀನು ನೋಡಿಲ್ಲ.”

ಹೆಗಲಮ್ಮನಿಗೆ ಅಳು ಬಂತು. ಊರೆಲ್ಲ ನೋಡುತ್ತಿದೆ ಎಂದು ತಡೆದುಕೊಳ್ಳಲಿಲ್ಲ, ಅತ್ತಳು. ಎಷ್ಟು ಮಕ್ಕಳ ಹೆಗಲಿಗೆ ತನ್ನ ಕೈಯ ರೂಢಿ ಮಾಡಿಸಿದ್ದಳು, ಮನೆಯೊಳಗೇ ಇದ್ದ ಈ ಮಗುವಿಗೆ ಬೇರೆಯವರು ಬಿಟ್ಟುಹೋದ ಬಿಸಿ ಮಾತ್ರ ಸಿಕ್ಕಿತ್ತು. ಎಡಗೈಯಿಂದ ಕಣ್ಣೊರೆಸಿಕೊಂಡಳು. ಬಲಗೈ ಇದ್ದಲ್ಲೇ ಇತ್ತು.

ಹೊತ್ತು ಹೋಯಿತು. ಕೇಳುವವರು ಆಗಾಗ “ತಿಳಿಸುತ್ತೇವೆ” ಎನ್ನುತ್ತಿದ್ದರು, ಅವಳು ಆಗಾಗ “ಯಾವಾಗ” ಎನ್ನುತ್ತಿದ್ದಳು. ನಡುನಡುವೆ ಮಗಳು ತನ್ನ ಲೋಕದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು: ಪಕ್ಕದ ಮನೆಯ ಬೆಕ್ಕಿಗೆ ಒಂದು ಕಿವಿ ಕೇಳಿಸುವುದಿಲ್ಲ, ಮಂಚದ ಕೆಳಗೆ ಒಂದು ಹಲಗೆಯ ಮೇಲೆ ಕುದುರೆಯ ಹಾಗೆ ಕಾಣುವ ಕಲೆಯಿದೆ, ಬಾಡಿಗೆಗೆ ಬಂದ ಮಕ್ಕಳಲ್ಲಿ ಒಬ್ಬ ನಿದ್ದೆಯಲ್ಲಿ ತನ್ನ ನಿಜವಾದ ಅಮ್ಮನನ್ನು ಕರೆಯುತ್ತಿದ್ದ. ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಬಿಸಿಲು ಇಳಿಯುವ ಹೊತ್ತಿಗೆ ಅವಳಿಗೆ ಒಂದು ವಿಷಯ ಅರಿವಾಯಿತು. ಮಗಳ ಹೆಗಲು ಹಿಂದಕ್ಕೆ ವಾಲಿ ಅವಳ ಅಂಗೈಗೆ ಒರಗಿಕೊಂಡಿತ್ತು. ಯಾವಾಗ ಒರಗಿತೋ ಇಬ್ಬರಿಗೂ ತಿಳಿಯಲಿಲ್ಲ.

ಸಂಜೆ ಶಾಲೆಯ ಗಂಟೆ ಹೊಡೆಯಿತು. ಒಳಗಿನ ಮಕ್ಕಳು ಮನೆಗೆ ಹೋಗಬೇಕು, ಹೋಗಲು ಇರುವುದು ಇದೊಂದೇ ಬಾಗಿಲು. ಹೊರಗೆ ಮಕ್ಕಳನ್ನು ಕರೆದೊಯ್ಯಲು ಗಾಡಿಗಳು ಬಂದು ನಿಂತವು. ಕೇಳಿಕೆ ಇನ್ನೂ ಮುಗಿದಿರಲಿಲ್ಲ, ಬಾಗಿಲು ತೆರೆಯಲಿಲ್ಲ. ಒಳಗೆ ಮಕ್ಕಳು ಬಾಗಿಲಿನ ಸಂದಿಗಳಿಗೆ ಕಣ್ಣಿಟ್ಟು ಹೊರಗೆ ನೋಡತೊಡಗಿದರು.

ಅವರಲ್ಲೊಂದು ಮಗು ಕೂಗಿತು: “ಮಮ್ಮೀ!”

ಇನ್ನೊಂದು ನೋಡಿತು, ಅದೂ ಕೂಗಿತು. ಆಮೇಲೆ ಎಷ್ಟು ಮಕ್ಕಳೋ, ಪುಟ್ಟವರು, ದೊಡ್ಡವರು, ಸ್ವರ ಒಡೆದ ಹುಡುಗರು ಕೂಡ, ಕಲ್ಲಿನ ಹಿಂದೆ ನಿಂತ ಆ ಒಬ್ಬಳೇ ಹೆಂಗಸನ್ನು ನೋಡಿ ಮಮ್ಮಿ ಮಮ್ಮಿ ಎಂದು ಕರೆಯತೊಡಗಿದರು. ಮಕ್ಕಳನ್ನು ಕರೆದೊಯ್ಯಲು ಬಂದು ಹೊಂಗೆ ಮರದ ಹಿಂದೆ ನಿಂತಿದ್ದ ಹೆತ್ತ ತಾಯಂದಿರು ಮರಕ್ಕೆ ಇನ್ನಷ್ಟು ಒತ್ತಿ ನಿಂತರು. ಗುಟ್ಟು ಬಯಲಾಯಿತು, ಇನ್ನು ಎಲ್ಲ ಮಕ್ಕಳನ್ನೂ ಹೊರಗೆ ಹಾಕುತ್ತಾರೆ ಎಂದುಕೊಂಡರು.

ಕೇಳುವವರು ತಲೆ ತಗ್ಗಿಸಿಕೊಂಡು ಕೂತರು. ಒಬ್ಬನು ಉಗುರು ನೋಡಿಕೊಂಡ, ಇನ್ನೊಬ್ಬಳು ಲೇಖನಿಯ ಮುಚ್ಚಳ ಹುಡುಕಿದಳು. ಅವರಿಗೆ ಇದು ಹೊಸ ಸುದ್ದಿಯೇನಲ್ಲ. ಅವರೂ ಒಂದು ಕಾಲಕ್ಕೆ ಯಾರೋ ಒಬ್ಬ ಹೆಗಲಮ್ಮನ ಕೈಯ ಕೆಳಗಿನಿಂದಲೇ ಹೊಸಿಲು ದಾಟಿ ಬಂದವರು.

“ಅವರೆಲ್ಲ ನಿನ್ನ ಮಕ್ಕಳಾ ಅಮ್ಮಾ?” ಎಂದು ಕೇಳಿದಳು ಮಗಳು.

“ಅಲ್ಲ,” ಎಂದಳು ಹೆಗಲಮ್ಮ. “ಅವರ ಹೆಗಲು ಮಾತ್ರ ಗೊತ್ತು ನಂಗೆ.”

ಕೇಳುವವರಲ್ಲಿ ಹಿರಿಯನಾದವನು ಕಿಟಕಿಯ ಹತ್ತಿರಕ್ಕೆ ಮುಖ ತಂದ. ಮುಗುಳ್ನಗೆ ಎಲ್ಲೋ ಹೋಗಿತ್ತು. ಕೊನೆಯ ಪ್ರಶ್ನೆಯನ್ನು ಬಾಗಿಲ ಮಾತಿನಲ್ಲೇ ಇನ್ನೊಮ್ಮೆ ಕೇಳಿದ: “ನಿಮ್ಮ ಮಗುವಿಗೆ ಏನು ಇಷ್ಟ?”

ಹೆಗಲಮ್ಮ ಮನೆಮಾತಿನಲ್ಲಿ ಹೇಳಿದಳು: “ನನ್ನ ಮಗಳಿಗೆ ಹಾಲಿನ ಕೆನೆ ಇಷ್ಟ. ಹುಣಸೆಬೀಜದ ಸದ್ದು ಇಷ್ಟ. ನಾನು ಬೇರೆ ಮಕ್ಕಳನ್ನ ಮಲಗಿಸ್ಕೊಂಡ ಚಾಪೆ ಮೇಲೆ ಅವರು ಎದ್ದುಹೋದ ಮೇಲೆ ಮಲಗೋದು ಇಷ್ಟ. ಬೆಳಿಗ್ಗೆ ಇದು ನಂಗೆ ಗೊತ್ತಿರ್ಲಿಲ್ಲ, ಅದಕ್ಕೇ ಹೇಳ್ಲಿಲ್ಲ. ಈಗ ಗೊತ್ತು, ಹೇಳ್ತಿದೀನಿ.”

“ಇದು ಬಾಗಿಲ ಮಾತಲ್ಲ,” ಎಂದಳು ಕೇಳುವವರಲ್ಲಿ ಕಿರಿಯಳು.

ಹಿರಿಯನು ಅವಳ ಕಡೆ ನೋಡಲಿಲ್ಲ. “ಚಾಪೆ,” ಎಂದ. ಆ ಮಾತು ಬಹಳ ವರ್ಷಗಳಿಂದ ಅವನ ಬಾಯಿಗೆ ಬಂದಿರಲಿಲ್ಲ. ನಾಲಗೆ ಎಲ್ಲಿಡಬೇಕೆಂದು ನೆನಪು ಮಾಡಿಕೊಳ್ಳುವವನಂತೆ ಇನ್ನೊಮ್ಮೆ ಹೇಳಿದ. ಆಮೇಲೆ ತಡವರಿಸುತ್ತ, ಮನೆಮಾತಿನಲ್ಲಿ, “ಕೈ ನೋಯ್ತಿಲ್ವೇನಮ್ಮಾ?” ಎಂದು ಕೇಳಿದ.

“ನೋಯ್ತಿದೆ,” ಎಂದಳು ಹೆಗಲಮ್ಮ. “ಮುಂದಿನ ಪ್ರಶ್ನೆ ಕೇಳಿ.”

ಮುಂದಿನ ಪ್ರಶ್ನೆ ಅವನ ಹತ್ತಿರ ಇರಲಿಲ್ಲ. ಅವನು ಎದ್ದು ಹೋಗಿ ತಾನೇ ಅಗುಳಿ ಸರಿಸಿದ.

ಅವನು ಯಾಕೆ ತೆರೆದ ಎಂಬ ಬಗ್ಗೆ ಆ ಊರಿನಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ಆ ಚಾಪೆಯ ಮಾತು ಅವನ ಕರುಳಿಗೆ ತಾಗಿತು ಎನ್ನುವವರಿದ್ದಾರೆ. ಗಾಡಿಯವರ ಗಲಾಟೆಗೆ ಹೆದರಿದ ಎನ್ನುವವರಿದ್ದಾರೆ. ಹೊಟ್ಟೆ ಹಸಿದಿತ್ತು ಅಷ್ಟೇ ಎನ್ನುವ ಕುಹಕಿಗಳೂ ಇದ್ದಾರೆ. ನನ್ನನ್ನು ಕೇಳಿದರೆ, ಅವಳು ಕೈ ತೆಗೆಯುವವಳಲ್ಲ ಎಂಬುದು ಅವನಿಗೆ ಅರ್ಥವಾಗಿತ್ತು. ಅಂಥವರನ್ನು ಏನು ಮಾಡಬೇಕೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ.

ಬಾಗಿಲು ತೆರೆಯಿತು. ನಿಯಮದಂತೆ ಮೊದಲು ಕಲ್ಲಿನ ಮೇಲಿನ ಮಗು ಒಳಗೆ ಹೋಗಬೇಕು. “ಹೋಗು,” ಎಂದಳು ತಾಯಿ, ಮತ್ತು ಕೈ ತೆಗೆದಳು. ತೆಗೆದ ಕೈ ಮರಗಟ್ಟಿ ಹೆಗಲಿನ ಆಕಾರದಲ್ಲೇ ಬಾಗಿತ್ತು. ಮಗಳು ಕಲ್ಲಿನಿಂದ ಇಳಿದು, ಹೊಸಿಲು ದಾಟಿ, ಒಳಗೆ ನಿಂತಿದ್ದ ಹಿರಿಯ ಕೇಳುವವನನ್ನು ತಲೆಯೆತ್ತಿ ನೋಡಿದಳು.

“ನಿಮ್ಗೆ ಏನಿಷ್ಟ?” ಎಂದು ಕೇಳಿದಳು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಮನೆಗೆ ಹೊರಟ ಮಕ್ಕಳ ಹಿಂಡು ನುಗ್ಗಿ ಬಂತು, ಇಬ್ಬರೂ ಅದರ ನಡುವೆ ಕಾಣದಾದರು. ಹೊರಬಂದ ಮಕ್ಕಳು ಹೆಗಲಮ್ಮನ ಎರಡೂ ಕಡೆಯಿಂದ ಹಾದು ಹೊಂಗೆ ಮರದ ಕಡೆಗೆ, ತಂತಮ್ಮ ಅಮ್ಮಂದಿರ ಕಡೆಗೆ ಓಡಿದರು. ಅವಳು ನಿಂತು ಮಗಳಿಗಾಗಿ ಕಾದಳು. ಎಲ್ಲರಿಗಿಂತ ಕೊನೆಗೆ ಮಗಳೂ ಹೊರಬಂದಳು, ತಾನಾಗಿ ತಾಯಿಯ ಮರಗಟ್ಟಿದ ಕೈಯನ್ನು ಹಿಡಿದುಕೊಂಡಳು.

ಇಳಿಜಾರಿನಲ್ಲಿ ಒಬ್ಬಳು ಅವರನ್ನು ತಡೆದಳು. ಸಾಲಿನಲ್ಲಿ ಇವರ ಹಿಂದೆಯೇ ಬೇರೊಬ್ಬ ಹೆಗಲಮ್ಮನ ಜೊತೆ ಇದ್ದ ಮಗುವಿನ ತಾಯಿ ಅವಳು. ಬೆಳಿಗ್ಗೆ, ನಮ್ಮದೇನು ಮಣ್ಣಿನ ಗೊಂಬೇನಾ ಎಂದು ಜಗಳವಾಡಿದವಳು. ಈಗ ಕೈಮುಗಿದು ನಿಂತಿದ್ದಳು, ಅವಳ ಮಗ ಸೆರಗಿನ ಮರೆಯಲ್ಲಿದ್ದ.

“ಅಕ್ಕಾ, ನಾಳೆ ನನ್ನ ಮಗನಿಗೆ ನೀವೇ ನಿಲ್ಬೇಕು. ನೀವು ನಿಂತ್ರೆ ತೆರೆದೇ ತೆರೀತಾರೆ.”

“ನಾನು ಇನ್ನು ಯಾರಿಗೂ ನಿಲ್ಲಲ್ಲ. ನೀವೇ ನಿಲ್ಲಿ.”

“ಅಯ್ಯೋ, ನಂಗೆ ಆ ಮಾತು ಬರಲ್ಲಕ್ಕಾ.”

“ನಂಗೂ ಬರಲ್ಲ ಕಣಮ್ಮ,” ಎಂದಳು ಹೆಗಲಮ್ಮ.

ಆ ತಾಯಿ ನಂಬಲಾರದೆ ಅವಳ ಮುಖವನ್ನೇ ನೋಡಿದಳು. ಹೆಗಲಮ್ಮ ಅವಳ ಬಲಗೈಯನ್ನು ಹಿಡಿದು, ಸೆರಗಿನ ಮರೆಯಿಂದ ಹುಡುಗನನ್ನು ಎಳೆದು, ಆ ಕೈಯನ್ನು ಅವನ ಹೆಗಲ ಮೇಲಿಟ್ಟಳು. ಹುಡುಗ ಮಿಸುಕಾಡಲಿಲ್ಲ.

“ಬೆಳಿಗ್ಗೆ ಹೊಟ್ಟೆ ತುಂಬ ತಿಂದ್ಕೊಂಡು ಬನ್ನಿ ಇಬ್ರೂ,” ಎಂದಳು. “ಬಹಳ ಹೊತ್ತು ನಿಲ್ಬೇಕಾಗುತ್ತೆ.”